ಟ್ಯಾಂಗೋ: ವಠಾರದ ಅಂಗಳದಿಂದ ವಿಶ್ವವೇದಿಕೆಗೆ

2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನಾ ಸಮಾರಂಭದಲ್ಲಿ ಅರ್ಜೆಂಟೀನಾದ ಕ್ರೀಡಾಪಟುಗಳು ‘ಲಾ ಕುಂಪರ್ಸಿತಾ’ ಎಂಬ ಟ್ಯಾಂಗೋ ಕೃತಿಯ ಹಿನ್ನೆಲೆಯಲ್ಲಿ ಪಥಸಂಚಲನ ನಡೆಸಿದರು. ನೆರೆಯ ಉರುಗ್ವೆ ಸರ್ಕಾರ ಇದಕ್ಕೆ ಅಧಿಕೃತವಾಗಿಯೇ ಆಕ್ಷೇಪ ಎತ್ತಿತು. ಆ ಕೃತಿಯನ್ನು ರಚಿಸಿದಾತ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದ ವಿದ್ಯಾರ್ಥಿ ಹೆರಾರ್ಡೊ ಮಾತೋಸ್ ರೊಡ್ರಿಗಸ್ ಎಂಬುದೇ ಆಕ್ಷೇಪಕ್ಕೆ ಕಾರಣ. 1998ರಲ್ಲಿ ಉರುಗ್ವೆ ಈ ಕೃತಿಯನ್ನು ಕಾನೂನಿನ ಮೂಲಕವೇ ತನ್ನ ಸಾಂಸ್ಕೃತಿಕ ಗೀತೆಯೆಂದು ಘೋಷಿಸಿಕೊಂಡಿತ್ತು.

ಒಂದು ರಾಗಕ್ಕಾಗಿ ಎರಡು ಸರ್ಕಾರಗಳು ಹೀಗೆ ಜಗಳಕ್ಕಿಳಿದದ್ದು ವಿಚಿತ್ರವೆನಿಸಬಹುದು. ಅದಕ್ಕಿಂತ ವಿಚಿತ್ರವಾದ ಸಂಗತಿಯೆಂದರೆ, ಅದಕ್ಕೆ ನೂರು ವರ್ಷ ಮೊದಲು ಇದೇ ದೇಶಗಳ ಪ್ರತಿಷ್ಠಿತ ಮನೆತನಗಳು ಟ್ಯಾಂಗೋ ತಮ್ಮದೆಂದು ಹೇಳಿಕೊಳ್ಳಲು ನಾಚುತ್ತಿದ್ದವು. ಮರ್ಯಾದಸ್ಥರ ಹೆಣ್ಣುಮಕ್ಕಳು ಅದರ ಹೆಸರನ್ನೂ ಎತ್ತುವಂತಿರಲಿಲ್ಲ. ಈ ನೃತ್ಯವನ್ನು ಹುಟ್ಟುಹಾಕಿದವರು ಯಾರು, ಹೀಗಳೆದವರು ಯಾರು, ಕಡೆಗೆ ಕೀರ್ತಿ ಯಾರ ಪಾಲಾಯಿತು ಎಂಬ ಪ್ರಶ್ನೆಗಳ ಸುತ್ತ ಇಂದಿಗೂ ವಾದಗಳು ನಡೆಯುತ್ತಲೇ ಇವೆ.

ಹೆಸರಿನಲ್ಲಿ ಉಳಿದ ಗುರುತು

ದಕ್ಷಿಣ ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ರಿಯೊ ಡಿ ಲಾ ಪ್ಲಾಟಾ ಎಂಬ ವಿಶಾಲ ನದೀಮುಖವಿದೆ. ಅದರ ಒಂದು ದಡದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಇನ್ನೊಂದು ದಡದಲ್ಲಿ ಮಾಂಟೆವಿಡಿಯೊ. ಸ್ಪೇನ್ ಆಳ್ವಿಕೆಯ ಕಾಲದಲ್ಲಿ ಈ ಎರಡೂ ಬಂದರುಗಳಿಗೆ ಆಫ್ರಿಕಾದಿಂದ ಗುಲಾಮರನ್ನು ತಂದಿಳಿಸಲಾಗುತ್ತಿತ್ತು. 1778ರ ಗಣತಿಯ ಪ್ರಕಾರ ಬ್ಯೂನಸ್ ಐರಿಸ್ ನಗರದ ಜನಸಂಖ್ಯೆಯಲ್ಲಿ ಶೇಕಡ 30ರಷ್ಟು ಮಂದಿ ಆಫ್ರಿಕಾ ಮೂಲದವರಾಗಿದ್ದರು.

ಆ ಜನ ವಾರದ ಬಿಡುವಿನಲ್ಲಿ ಒಂದೆಡೆ ಸೇರಿ ನಗಾರಿ ಬಾರಿಸುತ್ತ ಕುಣಿಯುತ್ತಿದ್ದರು. 19ನೇ ಶತಮಾನದ ಆರಂಭದ ದಾಖಲೆಗಳಲ್ಲಿ ಇಂಥ ಕೂಟಗಳನ್ನೂ ಅವು ನಡೆಯುತ್ತಿದ್ದ ಜಾಗಗಳನ್ನೂ ‘ಟಾಂಗೊ’, ‘ಟಾಂಬೊ’ ಎಂದು ಕರೆಯಲಾಗಿದೆ. ಅವರ ಕುಣಿತದ ಹೆಸರು ‘ಕಂದೊಂಬೆ’. ಟ್ಯಾಂಗೋ ಎಂಬ ಪದ ಆಫ್ರಿಕಾದ ಭಾಷೆಗಳಿಂದ ಬಂದಿತೆಂಬ ಅಭಿಪ್ರಾಯಕ್ಕೆ ವಿದ್ವಾಂಸರಲ್ಲಿ ಹೆಚ್ಚು ಬೆಂಬಲವಿದೆ. ‘ಮುಟ್ಟು’, ‘ನುಡಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿತೆನ್ನುವವರೂ ಇದ್ದಾರೆ. ಪದದ ವ್ಯುತ್ಪತ್ತಿ ಏನೇ ಇರಲಿ, ಆ ಕಾಲದಲ್ಲಿ ಅದು ಕಪ್ಪು ಜನರ ಕೂಟಗಳನ್ನು ಸೂಚಿಸುತ್ತಿತ್ತು ಎಂಬುದು ದಾಖಲೆಗಳಿಂದ ಸ್ಪಷ್ಟವಾಗುತ್ತದೆ.

1887ರ ಗಣತಿಯ ಹೊತ್ತಿಗೆ ಬ್ಯೂನಸ್ ಐರಿಸ್‌ನಲ್ಲಿ ಆಫ್ರಿಕಾ ಮೂಲದವರ ಪ್ರಮಾಣ ಶೇಕಡ 2ಕ್ಕಿಂತ ಕಡಿಮೆಯೆಂದು ನಮೂದಾಯಿತು. ಯುದ್ಧಗಳಲ್ಲಿ ಮುಂಚೂಣಿಗೆ ತಳ್ಳಲ್ಪಟ್ಟು ಸತ್ತವರೆಷ್ಟೋ, ಸಾಂಕ್ರಾಮಿಕ ರೋಗಗಳಿಗೆ ಬಲಿಯಾದವರೆಷ್ಟೋ. ಯೂರೋಪಿಯನ್ನರ ಮಹಾವಲಸೆಯಿಂದ ಅನುಪಾತ ಕುಸಿದದ್ದು ನಿಜ, ಗಣತಿದಾರರು ಅನೇಕರನ್ನು ಬಿಳಿಯರ ಕಾಲಂಗೆ ಸೇರಿಸಿದ್ದೂ ನಿಜ. ‘ಅರ್ಜೆಂಟೀನಾದಲ್ಲಿ ಕರಿಯರಿಲ್ಲ’ ಎಂಬ ಮಾತು ಅಲ್ಲಿ ಬಹುಕಾಲ ಗಾದೆಯಂತೆ ಚಾಲ್ತಿಯಲ್ಲಿತ್ತು. ಟ್ಯಾಂಗೋದ ಚರಿತ್ರೆಯಿಂದಲೂ ಅವರ ಹೆಸರುಗಳು ಹೀಗೆಯೇ ಮಸುಕಾದವು. ಹಳೆಯ ಟ್ಯಾಂಗೋ ಕೃತಿಗಳ ಪೈಕಿ ಇಂದಿಗೂ ನುಡಿಸಲಾಗುವ ‘ಎಲ್ ಎಂತ್ರೆರಿಯಾನೊ’ ರಚನೆಯಾದದ್ದು 1897ರಲ್ಲಿ. ಅದರ ಕರ್ತೃ ರೊಸೆಂದೊ ಮೆಂದಿಸಾಬಾಲ್ ಆಫ್ರೋ ಅರ್ಜೆಂಟೈನ್ ಪಿಯಾನೊ ವಾದಕರಾಗಿದ್ದರು. 20ನೇ ಶತಮಾನದ ಶ್ರೇಷ್ಠ ಟ್ಯಾಂಗೋ ಪಿಯಾನೊ ವಾದಕರಲ್ಲಿ ಒಬ್ಬರಾದ, ನೂರು ವರ್ಷ ಬಾಳಿ 2016ರಲ್ಲಿ ನಿಧನರಾದ ಒರಾಸಿಯೊ ಸಲ್ಗಾನ್ ಕೂಡ ಇದೇ ಪರಂಪರೆಯ ಕುಡಿ.

ವಠಾರದ ಬದುಕು

1869ರಲ್ಲಿ ಅರ್ಜೆಂಟೀನಾದ ಜನಸಂಖ್ಯೆ 20 ಲಕ್ಷವನ್ನೂ ಮುಟ್ಟಿರಲಿಲ್ಲ. 1914ರ ಹೊತ್ತಿಗೆ ಅದು ಸುಮಾರು 79 ಲಕ್ಷಕ್ಕೆ ಏರಿತು. ಬ್ಯೂನಸ್ ಐರಿಸ್ ನಗರವೊಂದರಲ್ಲೇ ಇದೇ ಅವಧಿಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆಯಿದ್ದ ಜನ 15 ಲಕ್ಷ ಮೀರಿದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಇಟಲಿಯವರು, ಸ್ಪೇನಿನವರು ಬಹುಸಂಖ್ಯಾತರು. ಪೂರ್ವ ಯೂರೋಪಿನ ಯಹೂದಿಗಳೂ ಸಿರಿಯಾ, ಲೆಬನಾನ್ ಕಡೆಯ ಅರಬರೂ ಇದ್ದರು. ಜಮೀನು ಸಿಗುವುದೆಂಬ ಆಸೆಯಿಂದ ಹಡಗು ಹತ್ತಿದವರಿಗೆ ಇಲ್ಲಿ ಸಿಕ್ಕಿದ್ದು ಬಂದರಿನ ಕೂಲಿ, ಕಸಾಯಿಖಾನೆಯ ಕೆಲಸ, ರೈಲುದಾರಿಯ ದುಡಿಮೆ. ಭೂಮಿಯೆಲ್ಲ ಆಗಲೇ ದೊಡ್ಡ ಜಮೀನುದಾರರ ಕೈಸೇರಿತ್ತು.

1871ರಲ್ಲಿ ಹಳದಿ ಜ್ವರ ನಗರವನ್ನು ನಡುಗಿಸಿತು. ಕೆಲವೇ ತಿಂಗಳುಗಳಲ್ಲಿ 13,000ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ದಕ್ಷಿಣದ ಸಾನ್ ತೆಲ್ಮೊ ಬಡಾವಣೆಯಲ್ಲಿದ್ದ ಶ್ರೀಮಂತರು ಉತ್ತರ ಭಾಗಕ್ಕೆ ಸ್ಥಳಾಂತರಗೊಂಡರು. ಅವರು ಬಿಟ್ಟುಹೋದ ದೊಡ್ಡ ತೊಟ್ಟಿಮನೆಗಳನ್ನು ಕೋಣೆಕೋಣೆಯಾಗಿ ವಿಂಗಡಿಸಿ ವಲಸಿಗರಿಗೆ ಬಾಡಿಗೆಗೆ ಕೊಡಲಾಯಿತು. ಇವುಗಳಿಗೆ ಅಲ್ಲಿನ ಹೆಸರು ‘ಕೊನ್ವೆಂತಿಯೊ’. ನಮ್ಮ ಮಾತಿನಲ್ಲಿ ಹೇಳುವುದಾದರೆ ವಠಾರ: ಒಂದು ಕೋಣೆಯಲ್ಲಿ ಒಂದು ಸಂಸಾರ ಇಲ್ಲವೇ ಏಳೆಂಟು ಮಂದಿ ಬ್ರಹ್ಮಚಾರಿಗಳು, ನಡುವೆ ಎಲ್ಲರಿಗೂ ಸೇರಿದ ಅಂಗಳ, ಮೂಲೆಯಲ್ಲಿ ನೀರಿನ ಕೊಳಾಯಿ. 1907ರಲ್ಲಿ ಬಾಡಿಗೆ ಏರಿಸಿದಾಗ ಈ ವಠಾರಗಳ ಹೆಂಗಸರು ಪೊರಕೆ ಹಿಡಿದು ಬೀದಿಗಿಳಿದರು. ಆ ಹೋರಾಟಕ್ಕೆ ‘ಪೊರಕೆ ಮುಷ್ಕರ’ ಎಂಬ ಹೆಸರೇ ಬಿದ್ದಿದೆ.

ಟ್ಯಾಂಗೋ ರೂಪು ತಳೆದದ್ದು ಈ ಅಂಗಳಗಳಲ್ಲಿ, ಊರಂಚಿನ ಕೇರಿಗಳಲ್ಲಿ, ‘ಅಕಾಡೆಮಿ’ ಎಂದು ಕರೆಯಲಾಗುತ್ತಿದ್ದ ಅಗ್ಗದ ನೃತ್ಯಶಾಲೆಗಳಲ್ಲಿ. ಆಫ್ರಿಕಾದವರ ಕಂದೊಂಬೆ, ಕ್ಯೂಬಾದಿಂದ ನಾವಿಕರೊಡನೆ ಬಂದ ‘ಹಬನೇರಾ’ ಲಯ, ಹುಲ್ಲುಗಾವಲಿನ ಗಾಯಕರ ‘ಮಿಲೊಂಗ’ ಹಾಡು, ಯೂರೋಪಿನ ಪೋಲ್ಕಾ, ಮಜುರ್ಕಾ, ವಾಲ್ಟ್ಸ್ ಇವೆಲ್ಲ ಒಂದರೊಡನೊಂದು ಬೆರೆತವು. ಯಾವುದರ ಪಾಲು ಎಷ್ಟೆಂದು ತೂಗಿ ಹೇಳುವುದು ಕಷ್ಟ. ಜೋಡಿಗಳು ತಬ್ಬಿ ಕುಣಿಯುವ ಪದ್ಧತಿ ಯೂರೋಪಿನದು. ಚಲನೆಯನ್ನು ಥಟ್ಟನೆ ತಡೆದು ನಿಲ್ಲುವ ‘ಕೊರ್ತೆ’, ನಡು ಮುರಿದು ಬಳುಕುವ ‘ಕೆಬ್ರಾದಾ’ ಇವು ಕಪ್ಪು ಜನರ ಕುಣಿತದಿಂದ ಬಂದುವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅವರನ್ನು ಅಣಕಿಸಲು ಹೊರಟ ಕೇರಿಯ ಪುಂಡ ಯುವಕರು ಅಣಕಿಸುತ್ತಲೇ ಆ ಭಂಗಿಗಳನ್ನು ಕಲಿತುಬಿಟ್ಟರೆಂಬ ವಿವರಣೆಯೂ ಉಂಟು.

ಟ್ಯಾಂಗೋ ವೇಶ್ಯಾಗೃಹಗಳಲ್ಲಿ ಹುಟ್ಟಿತೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಅಲ್ಲಿ ಅದು ನುಡಿಸಲ್ಪಡುತ್ತಿದ್ದುದು ಸುಳ್ಳಲ್ಲ. ಒಂಟಿಯಾಗಿ ಬಂದ ಲಕ್ಷಾಂತರ ಗಂಡಸರಿದ್ದ, ಹೆಂಗಸರ ಸಂಖ್ಯೆ ಕಡಿಮೆಯಿದ್ದ ನಗರವದು. ಆದರೆ ವಠಾರದ ಅಂಗಳದಲ್ಲಿ, ಬೀದಿ ಬದಿಯಲ್ಲಿ, ಗಂಡಸರು ಗಂಡಸರೊಡನೆಯೇ ಹೆಜ್ಜೆ ಕಲಿಯುತ್ತಿದ್ದ ಮೂಲೆಗಳಲ್ಲಿ ಕೂಡ ಅದು ಬೆಳೆಯಿತು. ಒಂದೇ ಹುಟ್ಟುಸ್ಥಾನವನ್ನು ತೋರಿಸುವ ಕಥೆ ರಂಜಕವಾಗಿದೆ, ಅಷ್ಟೇ ಅಪೂರ್ಣವೂ ಆಗಿದೆ.

ಜರ್ಮನಿಯಿಂದ ಬಂದ ತಿದಿವಾದ್ಯ

ಆರಂಭದ ಟ್ಯಾಂಗೋ ಮೇಳದಲ್ಲಿ ಇರುತ್ತಿದ್ದುದು ಕೊಳಲು, ಪಿಟೀಲು ಮತ್ತು ಗಿಟಾರ್. ಹೆಗಲಿಗೇರಿಸಿ ಒಯ್ಯಬಹುದಾದ ವಾದ್ಯಗಳು. ಸಂಗೀತವೂ ಚುರುಕು, ಲವಲವಿಕೆಯದು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ‘ಬ್ಯಾಂಡೋನಿಯನ್’ ಎಂಬ ಜರ್ಮನ್ ವಾದ್ಯ ಬಂದಿಳಿದ ಮೇಲೆ ಟ್ಯಾಂಗೋದ ದನಿಯೇ ಬದಲಾಯಿತು. ಜರ್ಮನಿಯ ಕ್ರೆಫೆಲ್ಡ್ ಪಟ್ಟಣದ ವಾದ್ಯ ವ್ಯಾಪಾರಿ ಹೈನ್ರಿಚ್ ಬ್ಯಾಂಡ್ ಅವರಿಂದ ಅದಕ್ಕೆ ಆ ಹೆಸರು ಬಂದಿತು.

ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ ಮತ್ತು ಬ್ಯಾಂಡೋನಿಯನ್ ಒಂದೇ ಕುಲದವು. ಎರಡರಲ್ಲೂ ತಿದಿ ಒತ್ತಿದ ಗಾಳಿಗೆ ಲೋಹದ ನಾಲಗೆಗಳು ಕಂಪಿಸಿ ನಾದ ಹೊಮ್ಮುತ್ತದೆ. ಆದರೆ ಬ್ಯಾಂಡೋನಿಯನ್ ನುಡಿಸುವುದು ಬಹಳ ಕಷ್ಟ. ಅದನ್ನು ತೊಡೆಯ ಮೇಲಿಟ್ಟು ಎರಡೂ ಕಡೆಯಿಂದ ಹಿಗ್ಗಿಸಿ ಕುಗ್ಗಿಸಬೇಕು. ಟ್ಯಾಂಗೋದಲ್ಲಿ ರೂಢಿಗೆ ಬಂದ ಮಾದರಿಯಲ್ಲಿ ಎರಡೂ ಕೈಗೆ ಸೇರಿ 71 ಗುಂಡಿಗಳಿವೆ. ತಿದಿ ಹಿಗ್ಗುವಾಗ ಒಂದು ಸ್ವರ ನೀಡುವ ಗುಂಡಿ, ಕುಗ್ಗುವಾಗ ಬೇರೊಂದು ಸ್ವರ ನೀಡುತ್ತದೆ. ಹೀಗಾಗಿ ವಾದಕ ನಾಲ್ಕು ಬಗೆಯ ವಿನ್ಯಾಸಗಳನ್ನು ಬೆರಳುಗಳಲ್ಲಿ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಈ ವಾದ್ಯ ಬಂದಮೇಲೆ ಟ್ಯಾಂಗೋದ ನಡೆ ನಿಧಾನವಾಯಿತು, ಅದರಲ್ಲಿ ವಿಷಾದ ಮನೆಮಾಡಿತು. ಗಂಡಸರದೇ ಸಾಮ್ರಾಜ್ಯವಾಗಿದ್ದ ಈ ವಾದ್ಯವನ್ನು ವೃತ್ತಿಯಾಗಿ ಸ್ವೀಕರಿಸಿದ ಮೊದಲ ಮಹಿಳೆ ಪಕಿತಾ ಬೆರ್ನಾರ್ದೊ. ಸ್ವಂತ ಮೇಳ ಕಟ್ಟಿಕೊಂಡು ಹೆಸರು ಮಾಡಿದ್ದ ಆಕೆ 1925ರಲ್ಲಿ, ಇನ್ನೂ 25 ತುಂಬುವ ಮೊದಲೇ ತೀರಿಕೊಂಡರು.

ಪ್ಯಾರಿಸ್ ಮೆಚ್ಚಿದ ಮೇಲೆ

ಬ್ಯೂನಸ್ ಐರಿಸ್‌ನ ಶ್ರೀಮಂತರ ಮಕ್ಕಳು ಹಗಲು ಟ್ಯಾಂಗೋವನ್ನು ಹೀಗಳೆಯುತ್ತ, ರಾತ್ರಿ ಕೇರಿಗಳಿಗೆ ಹೋಗಿ ಅದನ್ನೇ ಕಲಿಯುತ್ತಿದ್ದರು. ಅವರೂ ಕೆಲವು ಸಂಗೀತಗಾರರೂ ಅದನ್ನು 20ನೇ ಶತಮಾನದ ಮೊದಲ ದಶಕದಲ್ಲಿ ಪ್ಯಾರಿಸ್‌ಗೆ ಒಯ್ದರು. 1912-13ರ ಹೊತ್ತಿಗೆ ಪ್ಯಾರಿಸ್ ಹುಚ್ಚೆದ್ದು ಟ್ಯಾಂಗೋ ಕುಣಿಯತೊಡಗಿತು. ಲಂಡನ್‌ನ ಹೋಟೆಲುಗಳಲ್ಲಿ ‘ಟ್ಯಾಂಗೋ ಟೀ’ ಎಂಬ ಸಂಜೆಯ ಕೂಟಗಳು ನಡೆದವು. ಹೆಂಗಸರ ಉಡುಪಿನ ವಿನ್ಯಾಸವೇ ಬದಲಾಯಿತು. ಹೆಜ್ಜೆ ಹಾಕಲು ಅನುವಾಗುವಂತೆ ಸೀಳಿದ ಲಂಗಗಳು ಬಂದವು.

ವಿರೋಧವೂ ಅಷ್ಟೇ ಜೋರಾಗಿತ್ತು. 1913ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಸಮವಸ್ತ್ರದಲ್ಲಿರುವ ಸೇನಾಧಿಕಾರಿಗಳು ಟ್ಯಾಂಗೋ ಕುಣಿಯಕೂಡದೆಂದು ಆಜ್ಞೆ ಹೊರಡಿಸಿದ. 1914ರ ಜನವರಿಯಲ್ಲಿ ಪ್ಯಾರಿಸ್‌ನ ಆರ್ಚ್‌ಬಿಷಪ್ ಕಾರ್ಡಿನಲ್ ಅಮೆತ್ ಅದನ್ನು ಖಂಡಿಸಿದರು. ಪೋಪರ ಎದುರೇ ಅರ್ಜೆಂಟೀನಾದ ನರ್ತಕನೊಬ್ಬ ಟ್ಯಾಂಗೋ ಕುಣಿದು ತೋರಿಸಿ ಅನುಮತಿ ಪಡೆದನೆಂಬ ಕಥೆ ಪ್ರಚಾರದಲ್ಲಿದೆ. ಯಾವ ಪೋಪ್, ಯಾವ ವರ್ಷ ಎಂಬುದು ಹೇಳುವವರಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ದಂತಕಥೆಯೆಂದೇ ಪರಿಗಣಿಸಬೇಕು.

ಪ್ಯಾರಿಸ್‌ನಲ್ಲಿದ್ದ ಅರ್ಜೆಂಟೀನಾದ ರಾಯಭಾರಿ, ಸ್ವತಃ ಕಾದಂಬರಿಕಾರರಾಗಿದ್ದ ಎನ್ರಿಕೆ ಲರ್ರೆತಾ ಅವರಿಗೆ ತಮ್ಮ ದೇಶದ ಹೆಸರು ಈ ನೃತ್ಯದೊಂದಿಗೆ ತಳುಕು ಹಾಕಿಕೊಂಡದ್ದು ತೀವ್ರ ಮುಜುಗರ ತಂದಿತ್ತು. ಆದರೆ ಪ್ಯಾರಿಸ್ ಒಪ್ಪಿದ್ದನ್ನು ಬ್ಯೂನಸ್ ಐರಿಸ್ ಒಪ್ಪದಿರಲು ಸಾಧ್ಯವಿರಲಿಲ್ಲ. ನಗರದ ಗಣ್ಯರ ಪಾಲಿಗೆ ನಾಗರಿಕತೆಯ ಅಳತೆಗೋಲೇ ಪ್ಯಾರಿಸ್ ಆಗಿತ್ತು. ಕೇರಿಯಿಂದ ನೇರವಾಗಿ ಬಂದಾಗ ಬಾಗಿಲು ಮುಚ್ಚಿದ ಮನೆಗಳು, ಸಾಗರ ದಾಟಿ ಹಿಂದಿರುಗಿದ ಅದೇ ನೃತ್ಯಕ್ಕೆ ಬಾಗಿಲು ತೆರೆದವು. ಈ ಪ್ರಯಾಣದಲ್ಲಿ ಅದರ ಬಳುಕು ಕಡಿಮೆಯಾಯಿತು, ನಡಿಗೆ ನೇರವಾಯಿತು.

ಯೂರೋಪಿನಲ್ಲಿ ಉಳಿದ ಟ್ಯಾಂಗೋ ಬೇರೆಯದೇ ದಾರಿ ಹಿಡಿಯಿತು. 1920ರ ದಶಕದಲ್ಲಿ ಇಂಗ್ಲೆಂಡಿನ ನೃತ್ಯಶಿಕ್ಷಕರು ಅದರ ಹೆಜ್ಜೆಗಳನ್ನು ಪ್ರಮಾಣೀಕರಿಸಿದರು. 1930ರ ದಶಕದಲ್ಲಿ ತಲೆಯನ್ನು ಝಟ್ಟನೆ ಹೊರಳಿಸುವ ಭಂಗಿ ಸೇರಿತು. ಇಂದು ಬಾಲ್‌ರೂಮ್ ಸ್ಪರ್ಧೆಗಳಲ್ಲಿ ಕಾಣುವುದು ಈ ಟ್ಯಾಂಗೋ. 1921ರ ‘ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕ್ಯಾಲಿಪ್ಸ್’ ಚಿತ್ರದಲ್ಲಿ ರುಡಾಲ್ಫ್ ವ್ಯಾಲೆಂಟಿನೊ ದನಗಾಹಿಯ ವೇಷದಲ್ಲಿ ಕುಣಿದದ್ದು ಹಾಲಿವುಡ್ಡಿನ ಕಲ್ಪನೆಯ ಟ್ಯಾಂಗೋ. ಬ್ಯೂನಸ್ ಐರಿಸ್‌ನ ಯಾವ ದನಗಾಹಿಯೂ ಆ ರೀತಿ ಕುಣಿದಿರಲಾರ.

ಹಾಡಾದ ಟ್ಯಾಂಗೋ, ಗಾರ್ಡೆಲ್ ಯುಗ

1917ರವರೆಗೆ ಟ್ಯಾಂಗೋ ಹಾಡುಗಳಲ್ಲಿ ಹೆಚ್ಚಿನವು ಲಘುವಾದವು, ಕೆಲವು ಅಶ್ಲೀಲವಾದವು. ಆ ವರ್ಷ ಕಾರ್ಲೋಸ್ ಗಾರ್ಡೆಲ್ ‘ಮಿ ನೊಚೆ ತ್ರಿಸ್ತೆ’ ಹಾಡಿದರು. ಸಾಮ್ಯುಯೆಲ್ ಕಾಸ್ತ್ರಿಯೋತಾ ಅವರ ರಾಗಕ್ಕೆ ಪಾಸ್ಕಲ್ ಕೊಂತುರ್ಸಿ ಸಾಹಿತ್ಯ ಬರೆದಿದ್ದರು. ಪ್ರೇಯಸಿ ಬಿಟ್ಟುಹೋದ ಮೇಲೆ ಖಾಲಿ ಕೋಣೆಯಲ್ಲಿ ಕುಳಿತ ಗಂಡಸಿನ ಅಳಲು ಅದು. ಕೇರಿಯ ಎದೆಗಾರ ಗಂಡು ಕಣ್ಣೀರಿಡುವುದನ್ನು ಜನ ಮೊದಲ ಬಾರಿಗೆ ಕೇಳಿದರು. ವಿರಹ, ತಾಯಿ, ಹಳೆಯ ಕೇರಿ, ವಂಚನೆ ಇವು ಮುಂದಿನ ಟ್ಯಾಂಗೋ ಹಾಡುಗಳ ಸ್ಥಾಯಿಯಾದವು. ವಲಸಿಗರ ಇಟಾಲಿಯನ್, ಆಫ್ರಿಕಾದ ಪದಗಳು, ಸೆರೆಮನೆಯ ಗುಪ್ತಭಾಷೆ ಇವೆಲ್ಲ ಬೆರೆತ ‘ಲುನ್‌ಫಾರ್ದೊ’ ಎಂಬ ಆಡುಮಾತು ಈ ಹಾಡುಗಳ ಮೂಲಕ ಸಾಹಿತ್ಯದ ಪಟ್ಟ ಪಡೆಯಿತು. 1943ರಲ್ಲಿ ಅಧಿಕಾರಕ್ಕೆ ಬಂದ ಸೇನಾ ಸರ್ಕಾರ ರೇಡಿಯೊದಲ್ಲಿ ಈ ಮಾತಿಗೆ ನಿರ್ಬಂಧ ಹೇರಿ, ಅನೇಕ ಹಾಡುಗಳನ್ನು ಶುದ್ಧ ಸ್ಪ್ಯಾನಿಷ್‌ಗೆ ತಿದ್ದಿಸಿತು. ತಿದ್ದಿದ ಸಾಲುಗಳು ನಗೆಪಾಟಲಾದವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

‘ಲಾ ಕುಂಪರ್ಸಿತಾ’ಗೂ ಇದೇ ರೀತಿ ಮಾತು ಬಂದಿತು. ಅದು ಮೂಲದಲ್ಲಿ ವಿದ್ಯಾರ್ಥಿಗಳ ಕಾರ್ನಿವಲ್ ಮೆರವಣಿಗೆಯ ರಾಗ. 1924ರಲ್ಲಿ ಕೊಂತುರ್ಸಿ ಮತ್ತು ಮರೋನಿ ಎಂಬ ಇಬ್ಬರು ಮಾತೋಸ್ ಅವರ ಅನುಮತಿಯಿಲ್ಲದೆ ಅದಕ್ಕೆ ಸಾಹಿತ್ಯ ಬರೆದರು. ಹಾಡು ಜಗತ್ಪ್ರಸಿದ್ಧವಾಯಿತು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು.

ಗಾರ್ಡೆಲ್ 1890ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಜನಿಸಿದರೆಂದು ಜನನ ಪ್ರಮಾಣಪತ್ರ ಹೇಳುತ್ತದೆ. ಉರುಗ್ವೆಯವರು ಮಾತ್ರ ಅವರು ತಮ್ಮ ತಕುವರೆಂಬೊ ಪ್ರಾಂತದವರೆಂದು ವಾದಿಸುತ್ತಾರೆ. ಬಡ ತಾಯಿಯೊಬ್ಬಳ ಮಗನಾಗಿ ಬ್ಯೂನಸ್ ಐರಿಸ್‌ನಲ್ಲಿ ಬೆಳೆದ ಅವರು ಗ್ರಾಮಫೋನ್, ರೇಡಿಯೊ, ಸಿನಿಮಾ ಮೂರನ್ನೂ ಗೆದ್ದರು. ನಮ್ಮ ಓದುಗರಲ್ಲಿ ಅನೇಕರು ಅರಿಯದೆಯೇ ಅವರ ರಾಗವೊಂದನ್ನು ಕೇಳಿರುತ್ತಾರೆ. 1992ರ ‘ಸೆಂಟ್ ಆಫ್ ಎ ವುಮನ್’ ಚಿತ್ರದಲ್ಲಿ ಅಂಧ ಸೇನಾಧಿಕಾರಿಯ ಪಾತ್ರದ ಅಲ್ ಪಚಿನೊ ಅಪರಿಚಿತ ಯುವತಿಯೊಡನೆ ಹೆಜ್ಜೆ ಹಾಕುವುದು ಗಾರ್ಡೆಲ್ ಅವರ ‘ಪೋರ್ ಉನಾ ಕಬೇಸಾ’ ರಾಗಕ್ಕೆ. ಕುದುರೆ ಜೂಜಿನಲ್ಲಿ ಒಂದು ತಲೆಯ ಅಂತರದಿಂದ ಸೋಲುವವನ ಹಾಡು ಅದು. 1935ರ ಜೂನ್ 24ರಂದು ಕೊಲಂಬಿಯಾದ ಮೆಡೆಲಿನ್‌ನಲ್ಲಿ ನಡೆದ ವಿಮಾನ ದುರಂತದಲ್ಲಿ ಗಾರ್ಡೆಲ್ ಮತ್ತು ಗೀತರಚನಕಾರ ಅಲ್ಫ್ರೆದೊ ಲೆ ಪೇರಾ ಇಬ್ಬರೂ ಮೃತಪಟ್ಟರು. ಬ್ಯೂನಸ್ ಐರಿಸ್‌ನ ಚಕರೀತಾ ಸ್ಮಶಾನದಲ್ಲಿರುವ ಗಾರ್ಡೆಲ್ ಪ್ರತಿಮೆಯ ಬೆರಳುಗಳ ನಡುವೆ ಅಭಿಮಾನಿಗಳು ಹೊತ್ತಿಸಿದ ಸಿಗರೇಟು ಇಟ್ಟು ಹೋಗುತ್ತಾರೆ. 2003ರಲ್ಲಿ ಅವರ ಧ್ವನಿಮುದ್ರಣಗಳು ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.

ಸುವರ್ಣಯುಗ ಮತ್ತು ಮೌನ

ಗಾರ್ಡೆಲ್ ಸತ್ತ ವರ್ಷವೇ ಟ್ಯಾಂಗೋದ ಸುವರ್ಣಯುಗ ಆರಂಭವಾಯಿತೆನ್ನುವುದು ವಾಡಿಕೆ. ಹ್ವಾನ್ ದಾರಿಯೆನ್ಸೊ ಅವರ ಮೇಳ ಚುರುಕಾದ, ಕಾಲು ನಿಲ್ಲಗೊಡದ ಲಯವನ್ನು ತಂದು ಯುವಜನರನ್ನು ಮತ್ತೆ ನೃತ್ಯಾಂಗಣಕ್ಕೆ ಎಳೆಯಿತು. ‘ತಾಳದ ದೊರೆ’ ಎಂಬ ಬಿರುದು ಅವರಿಗೆ ಸಂದಿತು. ಕಾರ್ಲೋಸ್ ದಿ ಸಾರ್ಲಿ ಅವರದು ಮೃದುವಾದ, ಘನವಾದ ನಡೆ. ಅನಿಬಲ್ ತ್ರೊಯ್ಲೊ ಬ್ಯಾಂಡೋನಿಯನ್ನಿನ ಸಾಮ್ರಾಟ. ಒಸ್ವಾಲ್ದೊ ಪುಗ್ಲಿಯೆಸೆ ಕಮ್ಯುನಿಸ್ಟರು. ತಮ್ಮ ಮೇಳವನ್ನು ಸಹಕಾರ ಸಂಘದಂತೆ ನಡೆಸಿ ಗಳಿಕೆಯನ್ನು ಹಂಚಿಕೊಳ್ಳುತ್ತಿದ್ದರು. ರಾಜಕೀಯ ಕಾರಣಕ್ಕೆ ಅವರನ್ನು ಸೆರೆಗೆ ತಳ್ಳಿದಾಗಲೆಲ್ಲ ಮೇಳದವರು ಖಾಲಿ ಪಿಯಾನೊದ ಮೇಲೆ ಒಂದು ಕೆಂಪು ಹೂವನ್ನಿಟ್ಟು ಕಾರ್ಯಕ್ರಮ ನಡೆಸುತ್ತಿದ್ದರು. ಸಭಿಕರಿಗೆ ಅರ್ಥವಾಗುತ್ತಿತ್ತು.

1940ರ ದಶಕದಲ್ಲಿ ಬಡಾವಣೆಯ ಕ್ಲಬ್ಬುಗಳಲ್ಲಿ, ಫುಟ್‌ಬಾಲ್ ಸಂಘಗಳ ಅಂಗಳಗಳಲ್ಲಿ ವಾರವಿಡೀ ನೃತ್ಯಕೂಟಗಳು ಏರ್ಪಡುತ್ತಿದ್ದವು. ಎಳೆಯ ಹುಡುಗರು ಮೊದಲು ಅಭ್ಯಾಸ ಕೂಟದಲ್ಲಿ ಹಿರಿಯ ಗಂಡಸರೊಡನೆ ಅನುಸರಿಸುವ ಪಾತ್ರದಲ್ಲಿ ಕುಣಿದು, ಆಮೇಲಷ್ಟೇ ಮುನ್ನಡೆಸಲು ಕಲಿಯುತ್ತಿದ್ದರು. ಹೆಣ್ಣಿನ ಹೆಜ್ಜೆ ತಿಳಿಯದವನಿಗೆ ಅವಳನ್ನು ನಡೆಸಲು ಬಾರದೆಂಬುದು ಅಂದಿನ ತಿಳಿವಳಿಕೆ. ಇಂದಿನ ತರಗತಿಗಳಲ್ಲಿ ಅಪರೂಪವಾಗಿರುವ ಈ ಶಿಸ್ತು ಮತ್ತೆ ಬಂದರೆ ಒಳಿತೆಂದು ತೋರುತ್ತದೆ.

1955ರಲ್ಲಿ ಅಧ್ಯಕ್ಷ ಹ್ವಾನ್ ಪೆರೋನ್ ಅವರನ್ನು ಸೇನೆ ಪದಚ್ಯುತಗೊಳಿಸಿತು. ಪೆರೋನ್ ಬೆಂಬಲಿಗರೆಂದು ಗುರುತಿಸಿಕೊಂಡಿದ್ದ ಕಲಾವಿದರಿಗೆ ಸಂಕಷ್ಟ ಎದುರಾಯಿತು. ಗಾಯಕ, ನಟ ಊಗೊ ದೆಲ್ ಕರ್ರಿಲ್ ಬಂಧನಕ್ಕೊಳಗಾದರು. ಗುಂಪು ಸೇರುವುದಕ್ಕೆ ಆಗಾಗ್ಗೆ ನಿರ್ಬಂಧಗಳು ಬಂದವು. ಅದೇ ಹೊತ್ತಿಗೆ ರಾಕ್ ಅಂಡ್ ರೋಲ್ ಅಲೆ ಬಂದಪ್ಪಳಿಸಿತು. ದೊಡ್ಡ ಮೇಳಗಳನ್ನು ಸಾಕುವುದು ದುಬಾರಿಯಾಯಿತು. ಯುವಕರ ಕಣ್ಣಿಗೆ ಟ್ಯಾಂಗೋ ಅಪ್ಪ ಅಮ್ಮಂದಿರ ಹಳೆಯ ವಸ್ತುವಾಗಿ ಕಂಡಿತು. ಅದನ್ನು ಕಲಿಯದ ಒಂದು ಇಡೀ ತಲೆಮಾರು ಬೆಳೆದು ನಿಂತಿತು. ಪುಸ್ತಕವಿಲ್ಲದ, ದೇಹದಿಂದ ದೇಹಕ್ಕೆ ದಾಟುವ ವಿದ್ಯೆಗೆ ಇದಕ್ಕಿಂತ ದೊಡ್ಡ ಆಪತ್ತಿಲ್ಲ.

ನೃತ್ಯ ಬಡವಾದ ಈ ಕಾಲದಲ್ಲೇ ಸಂಗೀತದಲ್ಲಿ ಕ್ರಾಂತಿಯಾಯಿತು. ಆಸ್ತೊರ್ ಪಿಯಾಸೊಲಾ 1921ರಲ್ಲಿ ಮಾರ್ ದೆಲ್ ಪ್ಲಾಟಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದವರು. ಬಾಲಕನಾಗಿದ್ದಾಗ ಗಾರ್ಡೆಲ್ ಅವರ ಚಿತ್ರವೊಂದರಲ್ಲಿ ಪತ್ರಿಕೆ ಮಾರುವ ಹುಡುಗನ ಪುಟ್ಟ ಪಾತ್ರ ಮಾಡಿದ್ದರು. ತ್ರೊಯ್ಲೊ ಮೇಳದಲ್ಲಿ ನುಡಿಸಿ, ಬಳಿಕ 1954ರಲ್ಲಿ ಪ್ಯಾರಿಸ್‌ನ ನಾದಿಯಾ ಬುಲಾಂಜೆ ಅವರಲ್ಲಿ ಶಾಸ್ತ್ರೀಯ ಸಂಯೋಜನೆ ಕಲಿಯಲು ಹೋದರು. ಟ್ಯಾಂಗೋ ನುಡಿಸುವವನೆಂದು ಹೇಳಿಕೊಳ್ಳಲು ಅಲ್ಲಿ ಸಂಕೋಚಪಡುತ್ತಿದ್ದ ಶಿಷ್ಯನಿಗೆ, ನಿನ್ನ ನಿಜವಾದ ದನಿ ಅದೇ ಎಂದು ಗುರು ತಿಳಿಹೇಳಿದರೆಂದು ಪಿಯಾಸೊಲಾ ಸ್ಮರಿಸುತ್ತಿದ್ದರು. ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೆರೆಸಿದ ಅವರ ಹೊಸ ಟ್ಯಾಂಗೋ ಕೇಳಿ ಸಂಪ್ರದಾಯಸ್ಥರು ಕೆಂಡವಾದರು. ಇದಕ್ಕೆ ಕುಣಿಯುವುದು ಹೇಗೆ ಎಂಬುದು ಅವರ ಮುಖ್ಯ ತಕರಾರು. ತಂದೆಯ ಸಾವಿನ ದುಃಖದಲ್ಲಿ 1959ರಲ್ಲಿ ರಚಿಸಿದ ‘ಅದಿಯೋಸ್ ನೊನಿನೊ’, 1974ರ ‘ಲಿಬರ್‌ಟ್ಯಾಂಗೋ’ ಇಂದು ವಿಶ್ವದ ಸಂಗೀತ ಸಭಾಂಗಣಗಳಲ್ಲಿ ಮೊಳಗುತ್ತವೆ. ಸಾಹಿತಿ ಹೊರ್ಹೆ ಲೂಯಿಸ್ ಬೋರ್ಹೆಸ್ 1965ರಲ್ಲಿ ಪಿಯಾಸೊಲಾ ಜತೆ ಒಂದು ಧ್ವನಿಮುದ್ರಿಕೆಗೆ ಕೈಜೋಡಿಸಿದ್ದರೂ, ಅವರ ಒಲವೆಲ್ಲ ಹಳೆಯ ಕೇರಿಯ ಚೂರಿಗಾರರ ಮಿಲೊಂಗದತ್ತಲೇ ಇತ್ತು. ಗಾರ್ಡೆಲ್ ಶೈಲಿಯ ಅಳುವನ್ನೂ ಅವರು ಮೆಚ್ಚಲಿಲ್ಲ.

ಮತ್ತೆ ಪ್ಯಾರಿಸ್ ಮೂಲಕ

ಕುತೂಹಲಕರ ಸಂಗತಿಯೆಂದರೆ, ಟ್ಯಾಂಗೋದ ಪುನರುಜ್ಜೀವನವೂ ಪ್ಯಾರಿಸ್‌ನಿಂದಲೇ ಆಯಿತು. ಕ್ಲಾದಿಯೊ ಸೆಗೊವಿಯಾ ಮತ್ತು ಎಕ್ತೊರ್ ಒರೆಸ್ಸೊಲಿ ರೂಪಿಸಿದ ‘ಟ್ಯಾಂಗೋ ಅರ್ಜೆಂತೀನೊ’ ಪ್ರದರ್ಶನ 1983ರ ನವೆಂಬರ್‌ನಲ್ಲಿ ಅಲ್ಲಿ ಆರಂಭವಾಯಿತು. ಮುಂದಿನ ತಿಂಗಳೇ ಅರ್ಜೆಂಟೀನಾದಲ್ಲಿ ಏಳು ವರ್ಷಗಳ ಸೇನಾಡಳಿತ ಕೊನೆಗೊಂಡು ಚುನಾಯಿತ ಸರ್ಕಾರ ಅಧಿಕಾರ ವಹಿಸಿಕೊಂಡಿತು. 1985ರಲ್ಲಿ ಪ್ರದರ್ಶನ ನ್ಯೂಯಾರ್ಕ್‌ನ ಬ್ರಾಡ್‌ವೇಗೆ ಬಂದಾಗ ಅಪಾರ ಯಶಸ್ಸು ಕಂಡಿತು. ಹ್ವಾನ್ ಕಾರ್ಲೋಸ್ ಕೋಪೆಸ್, ಮಾರಿಯಾ ನಿಯೆವೆಸ್ ಜೋಡಿಯೊಂದಿಗೆ ವೇದಿಕೆಯ ಮೇಲಿದ್ದವರಲ್ಲಿ ಹಲವರು ನಡುವಯಸ್ಸು ದಾಟಿದವರು, ಕೆಲವರು ಸ್ಥೂಲಕಾಯರು. ಪ್ರೇಕ್ಷಕರನ್ನು ಗೆದ್ದದ್ದು ಅದೇ. ಮನೆಗೆ ಹೋದ ಮೇಲೆ ಅವರೂ ಕಲಿಯಬಯಸಿದರು.

ಹೀಗೆ ಹೊರದೇಶದವರು ಹುಡುಕಿಕೊಂಡು ಬಂದಾಗ ಬ್ಯೂನಸ್ ಐರಿಸ್‌ನ ಯುವಕರೂ ತಮ್ಮ ತಾತಂದಿರತ್ತ ತಿರುಗಿದರು. ಬದುಕಿದ್ದ ಹಳೆಯ ನರ್ತಕರು ಗುರುಗಳಾದರು. ಗುಸ್ತಾವೊ ನವೆಯ್ರಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ನೃತ್ಯದ ಚಲನೆಗಳನ್ನು ವ್ಯಾಕರಣದಂತೆ ಬಿಡಿಸಿ ಕಲಿಸುವ ವಿಧಾನ ರೂಪಿಸಿದರು. 2001ರ ಕೊನೆಯಲ್ಲಿ ಅರ್ಜೆಂಟೀನಾದ ಅರ್ಥವ್ಯವಸ್ಥೆ ಕುಸಿದು ಪೆಸೊ ಮೌಲ್ಯ ಕಳೆದುಕೊಂಡಾಗ ವಿದೇಶಿಗರಿಗೆ ಅಲ್ಲಿನ ಪ್ರವಾಸ ಅಗ್ಗವಾಯಿತು. ಟ್ಯಾಂಗೋ ಪ್ರವಾಸೋದ್ಯಮ ಬೆಳೆಯಿತು. 2003ರಲ್ಲಿ ಬ್ಯೂನಸ್ ಐರಿಸ್ ನಗರಾಡಳಿತ ವಿಶ್ವ ಟ್ಯಾಂಗೋ ಚಾಂಪಿಯನ್‌ಷಿಪ್ ಆರಂಭಿಸಿತು. 2009ರಲ್ಲಿ ಅದರ ಸಲೊನ್ ವಿಭಾಗದ ಪ್ರಶಸ್ತಿ ಜಪಾನಿನ ಜೋಡಿಗೆ ಸಂದಿತು. ಜಪಾನಿನಲ್ಲಿ ಟ್ಯಾಂಗೋ ಅಭಿಮಾನ 1920ರ ದಶಕದಷ್ಟು ಹಳೆಯದು. ಫಿನ್ಲೆಂಡ್ ಅಂತೂ ತನ್ನದೇ ಭಾಷೆಯಲ್ಲಿ, ತನ್ನದೇ ವಿಷಾದದಲ್ಲಿ ಬೇರೊಂದು ಟ್ಯಾಂಗೋ ಬೆಳೆಸಿಕೊಂಡಿದೆ. ಅಲ್ಲಿನ ಸೈನಾಯೊಕಿ ಪಟ್ಟಣದ ವಾರ್ಷಿಕ ಟ್ಯಾಂಗೋ ಉತ್ಸವ 1985ರಲ್ಲಿ ಶುರುವಾಯಿತು. ಬೆಂಗಳೂರು ಸೇರಿದಂತೆ ಭಾರತದ ಕೆಲವು ನಗರಗಳಲ್ಲೂ ಸಣ್ಣ ಬಳಗಗಳು ಇದನ್ನು ಕಲಿಯುತ್ತಿವೆ.

2009ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಟ್ಯಾಂಗೋವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಡ್ನಿಯಲ್ಲಿ ಕಿತ್ತಾಡಿದ್ದ ಅರ್ಜೆಂಟೀನಾ ಮತ್ತು ಉರುಗ್ವೆ ಈ ಬಾರಿ ಜಂಟಿಯಾಗಿಯೇ ಅರ್ಜಿ ಸಲ್ಲಿಸಿದ್ದವು ಎಂಬುದು ಗಮನಾರ್ಹ.

ನೃತ್ಯಕೂಟದ ನೇಮಗಳು

ಪ್ರವಾಸಿಗರಿಗಾಗಿ ವೇದಿಕೆಯಲ್ಲಿ ತೋರಿಸುವ, ಕಾಲುಗಳು ಗಾಳಿಯಲ್ಲಿ ಹಾರುವ ಟ್ಯಾಂಗೋ ಒಂದು ಬಗೆ. ಜನಸಾಮಾನ್ಯರು ರಾತ್ರಿ ಸೇರಿ ಕುಣಿಯುವುದು ಇನ್ನೊಂದು ಬಗೆ. ಈ ಕೂಟಕ್ಕೂ ‘ಮಿಲೊಂಗ’ ಎಂದೇ ಹೆಸರು. ಇಲ್ಲಿ ಮೊದಲೇ ಗೊತ್ತುಪಡಿಸಿದ ಹೆಜ್ಜೆಗಳ ಸರಣಿಯಿಲ್ಲ. ಎದೆಗೆದೆ ತಾಗುವ ಅಪ್ಪುಗೆಯಲ್ಲಿ ಒಬ್ಬರ ದೇಹದ ಸೂಚನೆಯನ್ನು ಇನ್ನೊಬ್ಬರು ಗ್ರಹಿಸಿ, ಆ ಕ್ಷಣಕ್ಕೆ ಹೆಜ್ಜೆ ಹೊಸೆಯಬೇಕು. ನಡಿಗೆಯೇ ಮೂಲಪಾಠ. ಹೆಂಗಸು ನೆಲದ ಮೇಲೆ ಎಂಟರ ಅಂಕಿಯನ್ನು ಬರೆದಂತೆ ತಿರುಗುವ ‘ಒಚೊ’, ಸಂಗಾತಿಯ ಕಾಲಿಗೆ ಕಾಲು ಕೊಕ್ಕೆ ಹಾಕುವ ‘ಗಾಂಚೊ’ ಮುಂತಾದುವು ಆಮೇಲಿನವು. ಹಿರಿಯ ನರ್ತಕರು ಅವನ್ನು ಮಿತವಾಗಿ ಬಳಸುತ್ತಾರೆ.

ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಅಂಗಣ ಸುತ್ತುತ್ತವೆ. ಒಬ್ಬರೇ ವಾದ್ಯಮೇಳದ ಮೂರ್ನಾಲ್ಕು ಹಾಡುಗಳ ಗುಚ್ಛ ‘ತಾಂದಾ’. ಅದು ಮುಗಿಯುವವರೆಗೆ ಸಂಗಾತಿಯನ್ನು ಬಿಟ್ಟುಹೋಗುವುದು ಅಗೌರವ. ಎರಡು ಗುಚ್ಛಗಳ ನಡುವೆ ಬೇರೆ ಬಗೆಯ ಸಂಗೀತದ ತುಣುಕು ಕೇಳಿಸುತ್ತದೆ. ಅದು ಅಂಗಣ ತೆರವು ಮಾಡಲು ಸೂಚನೆ. ಕುಣಿಯಲು ಕರೆಯುವುದು ಮಾತಿನಿಂದಲ್ಲ, ಕಣ್ಣಿನಿಂದ. ದೂರದಿಂದಲೇ ದೃಷ್ಟಿ ಕೂಡಿಸಿ ಗಂಡು ತಲೆಯಾಡಿಸುತ್ತಾನೆ, ಒಪ್ಪಿಗೆಯಿದ್ದರೆ ಹೆಣ್ಣೂ ತಲೆಯಾಡಿಸುತ್ತಾಳೆ, ಇಲ್ಲ��ಿದ್ದರೆ ನೋಟ ಬೇರೆಡೆ ಸರಿಸುತ್ತಾಳೆ. ‘ಕಬೆಸೆಯೊ’ ಎಂಬ ಈ ಪದ್ಧತಿಯಲ್ಲಿ ನಿರಾಕರಣೆ ಯಾರ ಕಣ್ಣಿಗೂ ಬೀಳದು, ಯಾರ ಮಾನಕ್ಕೂ ಕುಂದಿಲ್ಲ. ಗಂಡೇ ಕರೆಯಬೇಕು, ಗಂಡೇ ನಡೆಸಬೇಕೆಂಬ ರೂಢಿಯನ್ನು ಈಚಿನ ತಲೆಮಾರು ಪ್ರಶ್ನಿಸಿದೆ. ಪಾತ್ರ ಬದಲಿಸಿಕೊಂಡು ಕುಣಿಯುವವರು, ಹೆಣ್ಣು ಹೆಣ್ಣು, ಗಂಡು ಗಂಡು ಜೋಡಿಯಾಗಿ ಕುಣಿಯುವ ಕೂಟಗಳು ಬ್ಯೂನಸ್ ಐರಿಸ್‌ನಲ್ಲೂ ಹೊರಗೂ ಇವೆ. ರಾತ್ರಿಯ ಕೊನೆಯ ಹಾಡಾಗಿ ‘ಲಾ ಕುಂಪರ್ಸಿತಾ’ ನುಡಿಸುವ ಸಂಪ್ರದಾಯ ಮಾತ್ರ ಬಹುತೇಕ ಎಲ್ಲೆಡೆ ಉಳಿದಿದೆ.

2020ರಲ್ಲಿ ಕೊರೊನಾ ಸೋಂಕಿನ ನಿಮಿತ್ತ ಈ ಕೂಟಗಳೆಲ್ಲ ಸ್ಥಗಿತಗೊಂಡವು. ಅಪರಿಚಿತರನ್ನು ಅಪ್ಪಿಕೊಳ್ಳದೆ ನಡೆಯದ ನೃತ್ಯಕ್ಕೆ ಅದು ಎಲ್ಲಕ್ಕಿಂತ ಕಠಿಣ ಕಾಲವಾಗಿತ್ತು. ಅನೇಕ ಶಿಕ್ಷಕರು, ವಾದಕರು ತಿಂಗಳುಗಟ್ಟಲೆ ಆದಾಯವಿಲ್ಲದೆ ಉಳಿದರು. ಬಾಗಿಲುಗಳು ಮತ್ತೆ ತೆರೆದಿವೆ.

ವಾದ್ಯದ ಚಿಂತೆ ಅದಕ್ಕೂ ಹಳೆಯದು. ಟ್ಯಾಂಗೋ ವಾದಕರು ಅತ್ಯಂತ ಮೆಚ್ಚುವ ಬ್ಯಾಂಡೋನಿಯನ್‌ಗಳನ್ನು ತಯಾರಿಸುತ್ತಿದ್ದುದು ಜರ್ಮನಿಯ ಕಾರ್ಲ್ಸ್‌ಫೆಲ್ಡ್‌ನಲ್ಲಿದ್ದ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆ. ಎರಡನೇ ಮಹಾಯುದ್ಧದ ಬಳಿಕ ಪೂರ್ವ ಜರ್ಮನಿಯಲ್ಲಿ ಅದು ರಾಷ್ಟ್ರೀಕರಣಗೊಂಡು ಆ ತಯಾರಿಕೆ ನಿಂತುಹೋಯಿತು. ಅರ್ಜೆಂಟೀನಾದಲ್ಲಿ ಉಳಿದಿದ್ದ ಹಳೆಯ ವಾದ್ಯಗಳನ್ನು ವಿದೇಶಿ ಸಂಗ್ರಾಹಕರು ಕೊಂಡೊಯ್ಯತೊಡಗಿದಾಗ ಅಲ್ಲಿನ ಸಂಸತ್ತು 2009ರಲ್ಲಿ ಬ್ಯಾಂಡೋನಿಯನ್ ಸಂರಕ್ಷಣೆಗೆ ಪ್ರತ್ಯೇಕ ಕಾನೂನು ರೂಪಿಸಿತು. ತ್ರೊಯ್ಲೊ ಅವರ ಹುಟ್ಟುಹಬ್ಬವಾದ ಜುಲೈ 11 ಅಲ್ಲಿ ರಾಷ್ಟ್ರೀಯ ಬ್ಯಾಂಡೋನಿಯನ್ ದಿನ. ಗಾರ್ಡೆಲ್ ಅವರು ಹುಟ್ಟಿದ ಡಿಸೆಂಬರ್ 11 ರಾಷ್ಟ್ರೀಯ ಟ್ಯಾಂಗೋ ದಿನ.